ಅರ್ಧ ಬೆಲೆಗೆ ಸಿಗುತ್ತಿರುವ ಪೋರ್ಷೆ 928 ಕಾರನ್ನು ಕೊಳ್ಳಬಹುದೇ?

ಪ್ರಶ್ನೆ: ಶಾಲೆಗೆ ಹೋಗುವ ದಿನಗಳಲ್ಲಿ ಪತ್ರಿಕೆಯೊಂದರಲ್ಲಿ ಪೋರ್ಷೆ 928ರ ಚಿತ್ರ ನೋಡಿದ್ದೆ. ಅಂದಿನಿಂದ ಆ ಕಾರಿನ ಆಸೆ ಹೋಗಿಲ್ಲ. ಈಗ 1988ರ 928 ಎಸ್4 ಒಂದು ಮಾರಾಟಕ್ಕೆ ಬಂದಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, 82,000 ಕಿಲೋಮೀಟರ್ ಓಡಿದೆ, ಕಳೆದ ಆರು ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದೆ. ಬಣ್ಣ ಚೆನ್ನಾಗಿದೆ, ತುಕ್ಕು ಕಾಣುವುದಿಲ್ಲ. ದಾಖಲೆಗಳೆಲ್ಲ ಇರುವ ಇದೇ ಮಾದರಿಯ ಕಾರುಗಳಿಗೆ ಕೇಳುವ ಬೆಲೆಯ ಸುಮಾರು ಅರ್ಧಕ್ಕೆ ಇದನ್ನು ಕೊಡುತ್ತಿದ್ದಾರೆ. ಟೈಮಿಂಗ್ ಬೆಲ್ಟ್ ಬದಲಿಸಿದ್ದಕ್ಕೆ ಬಿಲ್ಲು ಇಲ್ಲ. ಓಡಿದ್ದೇ ಕಡಿಮೆ, ಎಚ್ಚರಿಕೆಯ ದೀಪವೂ ಹೊತ್ತಿಲ್ಲ, ಆದ್ದರಿಂದ ಚಿಂತಿಸಬೇಕಾಗಿಲ್ಲ ಎಂದು ಮಾರುವವರು ಹೇಳುತ್ತಾರೆ. ಇದರ ಬೆಲೆ ಏರಿಯೇ ಏರುತ್ತದೆ, ಕೈಬಿಡಬೇಡ ಎಂದು ಒಬ್ಬ ಗೆಳೆಯರು ಒತ್ತಾಯಿಸುತ್ತಿದ್ದರೆ, ಬಿಡಿಭಾಗಗಳೇ ಸಿಗುವುದಿಲ್ಲ, ಹತ್ತಿರ ಹೋಗಬೇಡ ಎಂದು ಇನ್ನೊಬ್ಬರು ಹೆದರಿಸುತ್ತಿದ್ದಾರೆ. ನನ್ನ ಉಳಿತಾಯದ ದೊಡ್ಡ ಪಾಲು ಇದಕ್ಕೆ ಹೋಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. 928 ಎಂಬ ಮಾದರಿ ಕೊಳ್ಳಲು ತಕ್ಕದ್ದೇ ಎಂಬುದು ಒಂದು. ಶೆಡ್ಡಿನಲ್ಲಿ ನಿಂತಿರುವ ಆ ಒಂದು ಕಾರನ್ನು ಆ ಬೆಲೆಗೆ ಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳಬಲ್ಲೆ. ಎರಡನೆಯದಕ್ಕೆ ಕಾರಿನ ಕೆಳಗೆ ಮಲಗಿ ನೋಡದೆ ಯಾರೂ ಉತ್ತರ ಕೊಡಲಾರರು, ಆದರೆ ಅಲ್ಲಿ ಏನನ್ನು ನೋಡಬೇಕು ಎಂಬುದನ್ನು ವಿವರವಾಗಿ ಹೇಳಬಹುದು. ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟುವುದರಲ್ಲಿ ನಾನು ಕಳೆದ ವರ್ಷಗಳಲ್ಲಿ ಕಂಡುಕೊಂಡ ಸಂಗತಿಯೆಂದರೆ, ಅರ್ಧ ಬೆಲೆಯ ಕಾರಿನಲ್ಲಿ ಕಡಿಮೆಯಾದ ಆ ಅರ್ಧ ಎಲ್ಲಿಗೂ ಹೋಗಿರುವುದಿಲ್ಲ. ಹಿಂದಿನವರು ಮಾಡಿಸದೆ ಬಿಟ್ಟ ಕೆಲಸಗಳ ರೂಪದಲ್ಲಿ ಅದು ಕಾರಿನೊಳಗೇ ಕುಳಿತಿರುತ್ತದೆ. ಆ ಕೆಲಸಗಳನ್ನು ಲೆಕ್ಕ ಹಾಕಲು ಸಾಧ್ಯವಾದರೆ ಬೆಲೆ ನ್ಯಾಯವಾದದ್ದೇ ಎಂದು ತಿಳಿಯುತ್ತದೆ.

ಈ ಮಾದರಿಗೆ ಅದರ ಯೋಗ್ಯತೆಗೆ ತಕ್ಕ ಬೆಲೆ ಏಕೆ ಬರಲಿಲ್ಲ ಎಂಬುದನ್ನು ಮೊದಲು ನೋಡೋಣ. 1970ರ ದಶಕದ ಆರಂಭದಲ್ಲಿ, ಅರ್ನ್‌ಸ್ಟ್ ಫೂರ್ಮನ್ ಅವರ ನೇತೃತ್ವದಲ್ಲಿ, ತನ್ನ ಪ್ರಸಿದ್ಧ ಕ್ರೀಡಾ ಕಾರಾದ 911ರ ಉತ್ತರಾಧಿಕಾರಿಯಾಗಲೆಂದೇ ಪೋರ್ಷೆ 928ನ್ನು ರೂಪಿಸಿತು. 1977ರ ಜಿನೀವಾ ಪ್ರದರ್ಶನದಲ್ಲಿ ಅದು ಹೊರಬಂತು, 1978ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಕ್ರೀಡಾ ಕಾರಿಗೆ ಆ ಮನ್ನಣೆ ಸಿಗುವುದು ಅಪರೂಪ. ಮುಂದೆ ನೀರಿನಿಂದ ತಂಪಾಗುವ ಅಲ್ಯೂಮಿನಿಯಂ ವಿ8 ಇಂಜಿನ್, ಹಿಂದೆ ಗೇರ್‌ಬಾಕ್ಸ್, ಎರಡರ ನಡುವೆ ಇಂಜಿನ್ನಿನ ತಿರುಗುವ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಶಾಫ್ಟನ್ನು ಒಳಗಿಟ್ಟುಕೊಂಡ ಉದ್ದನೆಯ ಟಾರ್ಕ್ ಟ್ಯೂಬ್, ಭಾರ ಎರಡೂ ಆಕ್ಸಲ್‌ಗಳ ಮೇಲೆ ಹೆಚ್ಚುಕಡಿಮೆ ಸಮವಾಗಿ ಹಂಚಿಕೆ. ಆದರೆ ಗಿರಾಕಿಗಳು 911ನ್ನು ಬಿಡಲು ಒಪ್ಪಲಿಲ್ಲ. ಪೀಟರ್ ಶುಟ್ಸ್ ಕಂಪನಿಯ ಮುಖ್ಯಸ್ಥರಾಗಿ ಬಂದ 1981ರಲ್ಲಿ 911ನ್ನು ಮುಂದುವರಿಸುವ ತೀರ್ಮಾನವಾಯಿತು. ಅಲ್ಲಿಂದಾಚೆಗೆ 928 ಪಟ್ಟಕ್ಕೇರದ ಯುವರಾಜನಂತೆ 1995ರವರೆಗೆ ತಯಾರಾಗುತ್ತ ಉಳಿಯಿತು. ಒಟ್ಟು ಸುಮಾರು 61,000 ಕಾರುಗಳು ಬಂದವು. 2010ರ ದಶಕದಲ್ಲಿ ಗಾಳಿಯಿಂದ ತಂಪಾಗುವ 911ಗಳ ಬೆಲೆ ಗಗನಕ್ಕೇರಿದಾಗ 928ರದ್ದೂ ಏರಿತು, ಆದರೆ ಆ ವೇಗದಲ್ಲಿ ಅಲ್ಲ.

ಬೆಲೆ ಹಿಂದುಳಿಯಲು ಒಂದು ಕಾರಣ ಹೀಗೆ ಭಾವನೆಯದ್ದು. ಇನ್ನೊಂದು ಕಾರಣ ಕಬ್ಬಿಣ, ರಬ್ಬರುಗಳದ್ದು, ನಿಮ್ಮ ಜೇಬಿಗೆ ತಟ್ಟುವುದು ಅದೇ. 928 ಹೊಸದಾಗಿದ್ದಾಗ ಕಂಪನಿಯ ಅತ್ಯಂತ ದುಬಾರಿ ಕಾರುಗಳಲ್ಲಿ ಒಂದಾಗಿತ್ತು. ಕಾಲ ಕಳೆದಂತೆ ಕಾರಿನ ಬೆಲೆ ಇಳಿಯಿತು, ಅದನ್ನು ರಿಪೇರಿ ಮಾಡುವ ಖರ್ಚು ಇಳಿಯಲಿಲ್ಲ. ಅಗ್ಗವಾದಾಗ ಕೊಂಡ ಎರಡನೆಯ, ಮೂರನೆಯ ಮಾಲೀಕರಿಗೆ ದುಬಾರಿ ಕಾರಿನ ಸರ್ವಿಸ್ ಭಾರವೆನಿಸಿತು. ಬೆಲ್ಟ್ ಮುಂದಿನ ವರ್ಷ ನೋಡೋಣ, ಕೂಲಂಟ್ ಆಮೇಲೆ ಹಾಕಿಸೋಣ ಎಂದು ಮುಂದೂಡುತ್ತಾ ಬಂದರು. ಮಾರುಕಟ್ಟೆಗೆ ಇಂಥ ಕಾರುಗಳೇ ಹೆಚ್ಚಾಗಿ ಬಂದಾಗ ಇಡೀ ಮಾದರಿಗೇ ಕೈಕೊಡುವ ಕಾರು ಎಂಬ ಹೆಸರು ಅಂಟಿಕೊಂಡಿತು. ಚೆನ್ನಾಗಿ ನೋಡಿಕೊಂಡ 928 ಕೈಕೊಡುವ ಕಾರಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಈ ಅಪವಾದ ಅನ್ಯಾಯದ್ದು.

ಈಗ ನಿಮಗೆ ಸಿಕ್ಕ ಸಲಹೆಗಳ ವಿಷಯ. ತುಕ್ಕು ಕಾಣುವುದಿಲ್ಲ ಎಂದು ನೀವು ಬರೆದಿರುವುದನ್ನು ನಾನು ನಂಬುತ್ತೇನೆ. ಆ ಕಾಲದ ಯುರೋಪಿನ ದೊಡ್ಡ ಕೂಪೆಗಳಲ್ಲಿ ಕೊಳ್ಳುವವರನ್ನು ಮುಳುಗಿಸಿದ್ದು ಬಹುಮಟ್ಟಿಗೆ ತುಕ್ಕು. ಬಿಎಂಡಬ್ಲ್ಯು 6 ಸರಣಿಯಲ್ಲಾಗಲಿ ಜಾಗ್ವಾರ್ ಎಕ್ಸ್‌ಜೆ-ಎಸ್‌ನಲ್ಲಾಗಲಿ ಹೊರಗೆ ಬಣ್ಣ ಮಿರುಗುತ್ತಿದ್ದರೂ ಒಳಗೆ ತಗಡು ತಿಂದುಹೋಗಿರುವುದು ಸಾಮಾನ್ಯ. 928ರ ಉಕ್ಕಿನ ಚೌಕಟ್ಟಿಗೆ ಎರಡೂ ಬದಿ ಸತುವಿನ ಲೇಪನವಿದೆ. ಬಾಗಿಲು, ಬಾನೆಟ್, ಮುಂದಿನ ಮಡ್‌ಗಾರ್ಡ್‌ಗಳು ಅಲ್ಯೂಮಿನಿಯಂನವು. ಹೀಗಾಗಿ ಈ ಕಾರಿನಲ್ಲಿ ಮೂಳೆ ಗಟ್ಟಿ. ಡಿಕ್ಕಿಯ ಕೆಳಗಿರುವ ಬ್ಯಾಟರಿಯ ಗೂಡು ಮತ್ತು ಗಾಜಿನ ರಬ್ಬರಿನ ಅಂಚು, ಇವಿಷ್ಟನ್ನು ಬೆರಳಿಟ್ಟು ನೋಡಿದರೆ ಸಾಕು. ಚೌಕಟ್ಟಿನ ಯಾವುದೇ ಕಡೆ ದಪ್ಪ ತುಕ್ಕು ಕಂಡರೆ ಕಾರು ಅಪಘಾತಕ್ಕೆ ಸಿಕ್ಕಿ, ಲೇಪನ ಹೋದ ಮೇಲೆ ಬೆಸುಗೆ ಕಂಡಿದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಕಡಿಮೆ ಓಡಿದೆ ಎಂಬ ಸಮಾಧಾನ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಬ್ಬಿಣ ಸವೆಯುವುದು ಕಿಲೋಮೀಟರಿನಿಂದ, ರಬ್ಬರು ಸಾಯುವುದು ವರ್ಷಗಳಿಂದ. 1988ರ ಕಾರಿನಲ್ಲಿ ಬದಲಾಗದೆ ಉಳಿದ ಪ್ರತಿಯೊಂದು ರಬ್ಬರು ಕೊಳವೆಯೂ ಅದು ಓಡಿದರೂ ನಿಂತರೂ ಅಷ್ಟೇ ಹಳೆಯದು. ನಿಂತ ಕಾರಿನಲ್ಲಿ ಕೆಲವು ಭಾಗಗಳು ಓಡುವ ಕಾರಿಗಿಂತ ಬೇಗ ಕೆಡುತ್ತವೆ: ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳ ಒಳಗೆ ತುಕ್ಕು ಹಿಡಿಸುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಇಂಜೆಕ್ಟರುಗಳನ್ನು ಕಟ್ಟುತ್ತದೆ, ಒಂದೇ ಭಂಗಿಯಲ್ಲಿ ಬಾಗಿ ಕುಳಿತ ಬೆಲ್ಟ್ ಬಿರುಕು ಬಿಡುತ್ತದೆ. ನಿಂತಿರುವ ಕಾರಿಗಿಂತ ತಿಂಗಳಿಗೆರಡು ಬಾರಿಯಾದರೂ ಓಡಿ, ಇಮ್ಮಡಿ ಕಿಲೋಮೀಟರ್ ಕಂಡಿರುವ ಕಾರನ್ನು ನಾನು ಮೊದಲು ಆರಿಸುತ್ತೇನೆ.

ಟೈಮಿಂಗ್ ಬೆಲ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಎಸ್4ರ ಇಂಜಿನ್ 4,957 ಸಿಸಿಯದು, 32 ವಾಲ್ವ್‌ಗಳದ್ದು, ಸುಮಾರು 320 ಅಶ್ವಶಕ್ತಿಯದು. ಅದರ ಮುಂಭಾಗದಲ್ಲಿ ಒಂದೇ ಒಂದು ಉದ್ದನೆಯ ಹಲ್ಲಿನ ಬೆಲ್ಟ್, ಅಂದರೆ ಟೈಮಿಂಗ್ ಬೆಲ್ಟ್, ವಾಲ್ವ್‌ಗಳನ್ನು ತೆರೆಯುವ ಎರಡೂ ಬದಿಯ ಕ್ಯಾಮ್‌ಶಾಫ್ಟ್‌ಗಳನ್ನು, ಜೊತೆಗೆ ನೀರಿನ ಪಂಪನ್ನೂ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾದರೆ ಅಥವಾ ಕೆಲವು ಹಲ್ಲು ಜಾರಿದರೆ ತೆರೆದು ನಿಂತ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲೆ ವಾಲ್ವ್‌ಗಳು ಕೂರುವ ಎರಡೂ ಹೆಡ್‌ಗಳನ್ನು ಬಿಚ್ಚಿ ಇಳಿಸದೆ ಬೇರೆ ದಾರಿಯಿಲ್ಲ. ಮಾರುವವರು ಹೇಳುವ ಎಚ್ಚರಿಕೆಯ ದೀಪ ಇರುವುದು ನಿಜ, ಆದರೆ ಅದು ಹೊತ್ತುವುದು ಬೆಲ್ಟ್ ಸಡಿಲವಾದಾಗ. ಬೆಲ್ಟ್‌ಗೆ ಎಷ್ಟು ವಯಸ್ಸಾಗಿದೆ, ಹಲ್ಲುಗಳ ಬುಡ ಬಿರಿದಿದೆಯೇ, ನೀರಿನ ಪಂಪಿನ ಬೇರಿಂಗ್ ಅಲುಗುತ್ತಿದೆಯೇ ಎಂಬುದು ಆ ದೀಪಕ್ಕೆ ಗೊತ್ತಾಗುವುದಿಲ್ಲ. ನನ್ನಲ್ಲಿಗೆ ಬಂದ ಒಂದು ಎಸ್4ರಲ್ಲಿ ಬೆಲ್ಟ್ ಹೊಸದೇ ಆಗಿತ್ತು. ಅದನ್ನು ಬದಲಿಸಿದವರು ಹಳೆಯ ನೀರಿನ ಪಂಪನ್ನು ಹಾಗೇ ಉಳಿಸಿದ್ದರು. ಪಂಪ್ ಬಿಗಿಹಿಡಿದು ನಿಂತಾಗ ಹೊಸ ಬೆಲ್ಟಿನ ಹಲ್ಲುಗಳು ಕಿತ್ತುಬಂದವು. ಮಾಲೀಕರ ಬಳಿ ಬೆಲ್ಟಿನ ಬಿಲ್ಲು ಇತ್ತು, ಅದನ್ನು ನನಗೆ ತೋರಿಸುವಾಗ ಅವರ ಕೈ ನಡುಗುತ್ತಿತ್ತು. ಆದ್ದರಿಂದ ಬೆಲ್ಟ್ ಎಂದಾಗ ಬೆಲ್ಟ್, ನೀರಿನ ಪಂಪ್, ಬಿಗಿ ಹಿಡಿಯುವ ಟೆನ್ಷನರ್ ಮತ್ತು ಅದರ ರೋಲರುಗಳು, ಎಲ್ಲವೂ ಒಟ್ಟಿಗೆ ಎಂದು ಲೆಕ್ಕ ಹಾಕಿಕೊಳ್ಳಿ. ಬಿಗಿಯನ್ನು ಅಳೆಯಲು ಈ ಇಂಜಿನ್ನಿಗೆಂದೇ ಇರುವ ಗೇಜ್ ಬೇಕು. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಸಾಕು ಎನ್ನುವ ಮೆಕ್ಯಾನಿಕ್‌ಗೆ ಈ ಕೆಲಸ ಒಪ್ಪಿಸಬೇಡಿ. ಕ್ಯಾಮ್‌ಶಾಫ್ಟ್‌ಗಳ ನಡುವೆ ಎರಡೂ ಬದಿಯಲ್ಲಿ ಒಂದೊಂದು ಚಿಕ್ಕ ಚೈನ್ ಇದೆ. ಅದನ್ನು ಒತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿಗಳು ವಯಸ್ಸಾದಂತೆ ಪುಡಿಯಾಗುತ್ತವೆ. ವಾಲ್ವ್ ಕವರ್ ತೆಗೆದ ದಿನ ಅವನ್ನೂ ನೋಡಿಸಿ.

ಇಷ್ಟಾದರೂ ನಿಮ್ಮ ಕಾರಿನ ವಿಷಯದಲ್ಲಿ ಬೆಲ್ಟ್ ನನ್ನ ಮೊದಲ ಭಯವಲ್ಲ, ಏಕೆಂದರೆ ಬೆಲ್ಟ್ ಹಣ ಕೊಟ್ಟರೆ ಮುಗಿಯುವ ಕೆಲಸ. ನನ್ನ ಭಯ ಇರುವುದು ಆಟೊಮ್ಯಾಟಿಕ್ ಎಂಬ ಮಾತಿನಲ್ಲಿ. ಈ ಮಾದರಿಯ ಆಟೊಮ್ಯಾಟಿಕ್ ಕಾರುಗಳಲ್ಲಿ ಇಂಜಿನ್ನಿನ ಹಿಂದಿರುವ ತೆಳುವಾದ ಫ್ಲೆಕ್ಸ್ ಪ್ಲೇಟಿಗೆ ಟಾರ್ಕ್ ಟ್ಯೂಬಿನೊಳಗಿನ ಶಾಫ್ಟನ್ನು ಒಂದು ಕ್ಲ್ಯಾಂಪ್ ಬೋಲ್ಟಿನಿಂದ ಬಿಗಿದಿರುತ್ತಾರೆ. ವರ್ಷಗಳು ಕಳೆದಂತೆ ಆ ಹಿಡಿತದಲ್ಲಿ ಶಾಫ್ಟ್ ಕೂದಲೆಳೆಯಷ್ಟು ಜಾರುತ್ತಾ ಮುಂದಕ್ಕೆ ಸರಿಯುತ್ತದೆ. ಸರಿದಷ್ಟೂ ಫ್ಲೆಕ್ಸ್ ಪ್ಲೇಟ್ ಬಾಗಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಬಿಡುವಿಲ್ಲದೆ ತಾಳಿಕೊಳ್ಳಬೇಕಾದದ್ದು ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್. ಅದು ಸವೆದು ಮುಗಿದ ಮೇಲೆ ಕ್ರ್ಯಾಂಕ್‌ಶಾಫ್ಟ್ ಇಂಜಿನ್ನಿನ ಅಲ್ಯೂಮಿನಿಯಂ ಬ್ಲಾಕನ್ನೇ ಕೊರೆಯತೊಡಗುತ್ತದೆ. ಈ ಬ್ಲಾಕಿನಲ್ಲಿ ಕಬ್ಬಿಣದ ಲೈನರುಗಳಿಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಮೇಲ್ಮೈಯೇ ಸಿಲಿಂಡರಿನ ಗೋಡೆ. ಬೇರಿಂಗ್ ಕೂರುವ ಜಾಗ ಹಾಳಾದ ಬ್ಲಾಕನ್ನು ಮತ್ತೆ ಬಳಕೆಗೆ ತರುವುದು ಬಹುತೇಕ ಸಂದರ್ಭಗಳಲ್ಲಿ ಮೂಗಿಗಿಂತ ಮೂಗುತಿ ಭಾರ. ಬೇರೆ ಇಂಜಿನ್ನನ್ನೇ ಹುಡುಕಬೇಕಾಗುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್ ಕಾರುಗಳಲ್ಲಿ ಈ ಜೋಡಣೆ ಬೇರೆಯಾದ್ದರಿಂದ ಅವಕ್ಕೆ ಈ ರೋಗ ಸಾಮಾನ್ಯವಾಗಿ ಬರುವುದಿಲ್ಲ.

ಅದೃಷ್ಟವಶಾತ್ ಇದನ್ನು ಕೊಳ್ಳುವ ಮೊದಲೇ ಪತ್ತೆ ಮಾಡಬಹುದು. ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಕೆಳಗಿನ ಕವರ್ ತೆಗೆದು, ಕ್ಲ್ಯಾಂಪ್ ಬೋಲ್ಟನ್ನು ಸಡಿಲಿಸಬೇಕು. ಒತ್ತಡ ಸೇರಿಕೊಂಡಿದ್ದರೆ ಫ್ಲೆಕ್ಸ್ ಪ್ಲೇಟ್ ತನ್ನ ಸಹಜ ಸ್ಥಾನಕ್ಕೆ ಹಿಂದೆ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಎಷ್ಟು ಚಲಿಸುತ್ತದೆ ಎಂದು ಅಳೆಯಬೇಕು. ಅಳತೆ 0.4 ಮಿಲಿಮೀಟರ್ ದಾಟಿದರೆ ಆ ಕಾರನ್ನು ಬಿಟ್ಟುಬಿಡಿ, ಬೆಲೆಯಲ್ಲಿ ಇನ್ನಷ್ಟು ಇಳಿಸಿದರೂ ಬೇಡ. 0.3ರೊಳಗೆ ಇದ್ದರೆ ಒತ್ತಡ ಇದ್ದರೂ ಹಾನಿಯಾಗಿಲ್ಲ ಎಂದರ್ಥ. ಜಾರದಂತೆ ಹಿಡಿಯುವ ಸುಧಾರಿತ ಕ್ಲ್ಯಾಂಪ್‌ಗಳು ಈಗ ಸಿಗುತ್ತವೆ, ಅದನ್ನು ಹಾಕಿಸಿ ಕೆಲವು ಸಾವಿರ ಕಿಲೋಮೀಟರುಗಳಿಗೊಮ್ಮೆ ನೋಡಿಸುತ್ತಿದ್ದರೆ ಸಾಕು. ನುರಿತ ಕೈಗೆ ಇದು ಒಂದೆರಡು ಗಂಟೆಯ ಕೆಲಸ.

ಬಿಡಿಭಾಗಗಳೇ ಸಿಗುವುದಿಲ್ಲ ಎಂಬ ಇನ್ನೊಬ್ಬ ಗೆಳೆಯರ ಮಾತು ಪೂರ್ತಿ ನಿಜವಲ್ಲ. ಬೆಲ್ಟ್, ಪಂಪ್, ಗ್ಯಾಸ್ಕೆಟ್, ಬ್ರೇಕ್, ಸಸ್ಪೆನ್ಷನ್ ಮುಂತಾಗಿ ಕಾರನ್ನು ಓಡಿಸಲು ಬೇಕಾದದ್ದು ಕಂಪನಿಯ ಹಳೆಯ ಕಾರುಗಳ ವಿಭಾಗದಿಂದಲೋ ಇದೇ ಮಾದರಿಗೆ ಮೀಸಲಾದ ವ್ಯಾಪಾರಿಗಳಿಂದಲೋ ದೊರೆಯುತ್ತದೆ. ಗೇರ್‌ಬಾಕ್ಸ್ ಮರ್ಸಿಡಿಸ್ ಮೂಲದ್ದಾದ್ದರಿಂದ ಅದನ್ನು ಬಲ್ಲವರೂ ಇದ್ದಾರೆ. ಕಷ್ಟವಿರುವುದು ಒಳಾಂಗಣದ ಪ್ಲಾಸ್ಟಿಕ್, ಕೆಲವು ಟ್ರಿಮ್‌ಗಳು ಹಾಗೂ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿ. ಇಂಧನವನ್ನು ನಿಯಂತ್ರಿಸುವ ಎಲ್‌ಎಚ್ ಯೂನಿಟ್ ವಯಸ್ಸಿನಿಂದಲೇ ಸಾಯುತ್ತದೆ. ಹೊಸದನ್ನು ಹುಡುಕುವ ಬದಲು ದುರಸ್ತಿ ಮಾಡಿಸಿಕೊಂಡವರೇ ಹೆಚ್ಚು. ಆದ್ದರಿಂದ ಸೀಟು, ಡ್ಯಾಶ್‌ಬೋರ್ಡ್, ಬಾಗಿಲಿನ ಒಳಹೊದಿಕೆ ಬಿರಿದಿವೆಯೇ ಎಂದು ನೋಡುವುದು ಬರೀ ಅಂದದ ಪ್ರಶ್ನೆ ಎಂದುಕೊಳ್ಳಬೇಡಿ. ಇಂಜಿನ್ ಮೌಂಟ್ ಒಂದೇ ದಿನದಲ್ಲಿ ಸಿಗಬಹುದು, ಒಡೆಯದ ಡ್ಯಾಶ್‌ಬೋರ್ಡಿಗೆ ವರ್ಷ ಕಾಯಬೇಕಾಗಬಹುದು.

ಫ್ಯೂಸುಗಳು ಪಕ್ಕದ ಸೀಟಿನವರ ಕಾಲಿಡುವ ಜಾಗದಲ್ಲಿವೆ. ಅಲ್ಲಿ ಕಾರ್ಪೆಟ್ ಎತ್ತಿ ತೇವದ ವಾಸನೆ ಇದೆಯೇ ನೋಡಿ. ನೂರು ಬಗೆಯ ಎಲೆಕ್ಟ್ರಿಕಲ್ ತೊಂದರೆ ಎಂದು ಜನ ಹೇಳುವುದರಲ್ಲಿ ದೊಡ್ಡ ಪಾಲು ಹಸಿರುಗಟ್ಟಿದ ಫ್ಯೂಸ್ ಕಾಲುಗಳು ಮತ್ತು ಕೊಳೆತ ಅರ್ಥಿಂಗ್ ತಂತಿಗಳಿಂದ ಬಂದದ್ದು. ತಾಳ್ಮೆಯಿದ್ದರೆ ಇವನ್ನು ಮನೆಯಲ್ಲೇ ಉಜ್ಜಿ ಸರಿಪಡಿಸಬಹುದು. ಇದಕ್ಕೆ ವಿರುದ್ಧವಾಗಿ ಪೆಟ್ರೋಲ್ ಕೊಳವೆಗಳಲ್ಲಿ ತಾಳ್ಮೆ ಕೂಡದು. ಇಂಜಿನ್ನಿನ ಎರಡು ಬದಿಗಳ ನಡುವಿನ ವಿ ಆಕಾರದ ಬಿಸಿ ಕಣಿವೆಯಂಥ ಜಾಗದ ಮೇಲೆ ಗಟ್ಟಿಯಾಗಿ ಬಿರಿದ ಕೊಳವೆಯಿಂದ ಪೆಟ್ರೋಲ್ ಸುರಿದರೆ ಕಾರು ಸುಟ್ಟುಹೋಗುತ್ತದೆ, ಇಂಥವು ಸುಟ್ಟುಹೋಗಿರುವುದುಂಟು. ಕಾರು ಯಾವುದೇ ಸ್ಥಿತಿಯಲ್ಲಿರಲಿ, ಕೊಂಡ ಮೇಲೆ ಮೊದಲ ಕೆಲಸ ಇದು.

ಬೆಲೆ ಏರಿಯೇ ಏರುತ್ತದೆ ಎಂಬ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. 5.4 ಲೀಟರಿನ ಕೊನೆಯ ಜಿಟಿಎಸ್ ಮಾದರಿ ಮೂರು ಸಾವಿರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ತಯಾರಾಯಿತು, ಅದರ ಬೆಲೆ ಬೇರೆ ಲೋಕದ್ದು. ಆ ಬೆಲೆ ನೋಡಿ ಆಟೊಮ್ಯಾಟಿಕ್ ಎಸ್4ರ ಭವಿಷ್ಯ ಅಳೆಯಬಾರದು. ಏರಿದರೂ ಏರುವುದು ದಾಖಲೆ ತುಂಬಿದ, ಎಲ್ಲ ಕೆಲಸ ಮುಗಿದ ಕಾರುಗಳದ್ದು. ವಿಮೆ, ಇಡುವ ಜಾಗ, ಟೈರು, ಪ್ರತಿ ವರ್ಷದ ಕೆಲಸ ಎಲ್ಲ ಕಳೆದರೆ ಲಾಭವೆನ್ನುವುದು ಉಳಿಯುವುದು ಅಪರೂಪ. ಉಳಿತಾಯದ ದೊಡ್ಡ ಪಾಲು ಎಂದು ನೀವು ಬರೆದ ಆ ಒಂದು ಸಾಲು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ಮರಳಿ ಬರಲೇಬೇಕಾದ ಹಣವನ್ನು ದಯವಿಟ್ಟು ಇದರಲ್ಲಿ ಹೂಡಬೇಡಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಈ ಕಾರನ್ನೇ ಕೊಳ್ಳುವುದಾದರೆ, ಕೊಡುವ ಬೆಲೆಯಷ್ಟೇ ಇನ್ನೊಂದು ಮೊತ್ತವನ್ನು ಮೊದಲ ಎರಡು ವರ್ಷಗಳ ಕೆಲಸಕ್ಕೆಂದು ತೆಗೆದಿಟ್ಟು ಕೊಳ್ಳಿ. ಬೆಲ್ಟ್ ಮತ್ತು ಅದರ ಪರಿವಾರ, ಇಂಧನದ ಕೊಳವೆಗಳು, ಬ್ರೇಕು, ಟೈರು, ಇಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಬಿಚ್ಚಿ ಅದರ ಕೆಳಗಿನ ಕೊಳವೆ, ಸೆನ್ಸರುಗಳ ಕೆಲಸ, ಕುಸಿದ ಇಂಜಿನ್ ಮೌಂಟುಗಳು, ಟಾರ್ಕ್ ಟ್ಯೂಬಿನ ಬೇರಿಂಗುಗಳು, ಇವನ್ನೆಲ್ಲ ವರ್ಕ್‌ಶಾಪಿಗೆ ಒಪ್ಪಿಸಿದರೆ ಖರ್ಚು ಅಲ್ಲಿಗೆ ಮುಟ್ಟುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ನೀವೇ ಸ್ಪ್ಯಾನರ್ ಹಿಡಿಯಬಲ್ಲವರಾದರೆ ಇದರಲ್ಲಿ ಬಹಳಷ್ಟು ಉಳಿಯುತ್ತದೆ, ಸಿಗುವ ಸಂತೋಷವೂ ದೊಡ್ಡದು. ಹಾಗಿಲ್ಲದಿದ್ದರೆ ಈ ದಾರಿಯಲ್ಲಿ ಅಪಾಯವಿರುವುದು ನಡುವೆ ಹಣ ಮುಗಿದು, ಅರ್ಧ ಬಿಚ್ಚಿದ ಕಾರು ಇನ್ನೂ ಆರು ವರ್ಷ ಬೇರೊಂದು ಶೆಡ್ಡಿನಲ್ಲಿ ನಿಲ್ಲುವುದರಲ್ಲಿ.

ಇಮ್ಮಡಿ ಬೆಲೆಯ, ದಾಖಲೆಗಳಿರುವ ಕಾರನ್ನು ಕೊಳ್ಳುವುದು ಇನ್ನೊಂದು ದಾರಿ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಇದನ್ನೇ ಹಿಡಿಯುತ್ತಿದ್ದೆ, ಕೈಯಲ್ಲಿ ಅಷ್ಟು ಇಲ್ಲದಿದ್ದರೆ ಒಂದೆರಡು ವರ್ಷ ಕಾದಾದರೂ. ಕೊನೆಗೆ ಖರ್ಚಾಗುವ ಮೊತ್ತ ಹೆಚ್ಚುಕಡಿಮೆ ಒಂದೇ, ಆದರೆ ಕಾರು ಮೊದಲ ದಿನದಿಂದ ಓಡುತ್ತದೆ. ದಾಖಲೆ ಎಂದರೆ ಮುದ್ರೆ ಒತ್ತಿದ ಸರ್ವಿಸ್ ಪುಸ್ತಕ ಮಾತ್ರವಲ್ಲ. ದಿನಾಂಕ, ಕಿಲೋಮೀಟರ್, ಹಾಕಿದ ಭಾಗಗಳ ಹೆಸರು ಇರುವ ಬಿಲ್ಲುಗಳು, ಅವು ಒಂದಕ್ಕೊಂದು ತಾಳೆಯಾಗಬೇಕು. ದುಬಾರಿ ಕಾರೂ ಮೋಸ ಮಾಡಬಲ್ಲದು, ಆದ್ದರಿಂದ ಮೇಲೆ ಹೇಳಿದ ಥ್ರಸ್ಟ್ ಬೇರಿಂಗ್ ಪರೀಕ್ಷೆ ಅದಕ್ಕೂ ಆಗಬೇಕು. ಇದೇ ಕುಟುಂಬದ 944 ಕೊಳ್ಳಿ ಎಂದು ಕೆಲವರು ಹೇಳಬಹುದು. ನಾಲ್ಕು ಸಿಲಿಂಡರಿನ ಆ ಕಾರು ಸರಳ, ಖರ್ಚು ಕಡಿಮೆ, ಆದರೆ ನಿಮ್ಮ ಮನಸ್ಸಿನಲ್ಲಿರುವುದು ಆ ಚಿತ್ರದ ಕಾರು. ಬದಲಿ ಕಾರು ಕೊಂಡವರು ಮತ್ತೆ ಜಾಹೀರಾತು ತಿರುವುವುದನ್ನು ನೋಡಿದ್ದೇನೆ.

ಈ ವಾರ ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ಮಾರುವವರಿಗೆ ಮುಂಗಡ ಕೊಡಬೇಡಿ. ಈ ಮಾದರಿಯನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಒಬ್ಬರು ನಿಮ್ಮ ಖರ್ಚಿನಲ್ಲೇ ಕ್ಲ್ಯಾಂಪ್ ಸಡಿಲಿಸಿ ಅಳತೆ ತೆಗೆಯಲು, ಬೆಲ್ಟಿನ ಮೇಲಿನ ಕವರ್ ತೆಗೆದು ನೋಡಲು ಅನುಮತಿ ಕೇಳಿ. ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳು ಕಾಗದಪತ್ರದೊಂದಿಗೆ ಹೊಂದುತ್ತವೆಯೇ ನೋಡಿ. ಅನುಮತಿ ಕೊಡದಿದ್ದರೆ ಮಾತು ಅಲ್ಲಿಗೆ ನಿಲ್ಲಿಸಿ. ಕೊಟ್ಟರೆ, ಇಂಜಿನ್ನಿನ ಸದ್ದು ಕೇಳಿಸುತ್ತೇನೆಂದು ಅವರು ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸದಂತೆ ಮೊದಲೇ ಹೇಳಿಡಿ. ಆರು ವರ್ಷ ಮಲಗಿದ ಬೆಲ್ಟನ್ನು ಸ್ಟಾರ್ಟರ್ ಎಳೆದಾಡುವ ಮೊದಲು ಇಂಜಿನ್ನನ್ನು ಕೈಯಿಂದ, ಅದು ಓಡುವ ದಿಕ್ಕಿನಲ್ಲೇ, ಎರಡು ಸುತ್ತು ತಿರುಗಿಸಿ ನೋಡಬೇಕು. ಕಾರು ನಿಮ್ಮದಾದರೆ ಅದು ಶೆಡ್ಡಿನಿಂದ ವರ್ಕ್‌ಶಾಪಿಗೆ ಹೋಗಬೇಕಾದದ್ದು ಟ್ರಕ್ಕಿನ ಮೇಲೆ.